ಹನಿ ಮೇಸ್ತ್ರಿಯ ಬಲಗಾಲು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಹನಿ ಮೇಸ್ತ್ರಿ. ಅವರ ಕಸುಬು ಹೊಲಿಗೆ ಯಂತ್ರ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಿಚ್ಚಿಟ್ಟ ಯಂತ್ರಗಳ ನಡುವೆ ದಾರಿ ಮಾಡಿಕೊಂಡೇ ಅಡುಗೆಮನೆಗೆ ಹೋಗಬೇಕು. ಆದರೆ ಆ ಹೆಸರು ಬಂದದ್ದು ಯಂತ್ರಕ್ಕೆ ಬಿಡುವ ಎಣ್ಣೆಯಿಂದಲ್ಲ, ಕಾರಿಗೆ ಹಾಕಿಸುವ ಪೆಟ್ರೋಲಿನಿಂದ. ಬಂಕಿಗೆ ಹೋದರೆ ಯಾವಾಗಲೂ ಅದೇ ಪಂಪು, ನಿಲ್ಲಿಸುವುದು ಅದೇ ಗೆರೆಯ ಮೇಲೆ. "ಟಿಕ್ ಅಂತು ಅಂದ್ರೆ ಮುಗೀತಮ್ಮ. ಆಮೇಲೆ ಒಂದು ಹನೀನೂ ಹಾಕ್ಬೇಡ, ಮೈಲೇಜ್ ಲೆಕ್ಕ ಕೆಡುತ್ತೆ" ಎಂದು ಪೈಪು ಹಿಡಿದ ಹೆಂಗಸಿಗೆ ಪ್ರತಿಸಲವೂ ಹೇಳುವರು. ಹಿಂದೆ ಸಾಲಿನಲ್ಲಿದ್ದವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು.

ಈ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ನನ್ನ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಬಂದದ್ದು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಆಸ್ಪತ್ರೆ ಐವತ್ತು ಕಿಲೋಮೀಟರ್ ದೂರ. ಬಸ್ಸಿನಲ್ಲಿ ಹೋಗಿಬರುವ ತ್ರಾಣ ಅವಳಿಗಿರಲಿಲ್ಲ. ಯಾರೋ ಬಳಸಿ ಬಿಟ್ಟಿದ್ದ ಹಳೆಯ ಕಾರೊಂದನ್ನು ಭಾವ ತಂದರು. ಅದು ಓಡುವಷ್ಟು ದಿನ ಅಕ್ಕ, ಅದಕ್ಕೆ ಪೆಟ್ರೋಲ್ ಹಾಕಲು ಆಗುವಷ್ಟು ದಿನ ಅಕ್ಕ. ಇಷ್ಟು ಸರಳವಾದ ವಿಷಯ ನನಗೆ ಅರ್ಥವಾಗಲು ವರ್ಷವೇ ಹಿಡಿಯಿತು. ಅಲ್ಲಿಯವರೆಗೆ ನಾನೂ ಬೀದಿಯವರ ಜೊತೆ ಸೇರಿ ನಗುತ್ತಿದ್ದೆ.

ನಗದೆ ಇನ್ನೇನು ಮಾಡುವುದು? ಮೊದಲು ಕಾರಿನ ತಲೆಯ ಮೇಲಿದ್ದ ಕ್ಯಾರಿಯರ್ ಹೋಯಿತು, ಗಾಳಿಗೆ ಅಡ್ಡವಾಗುತ್ತದಂತೆ. ಆಮೇಲೆ ಭಾರ ಇಳಿಸುವ ಕಾರ್ಯಕ್ರಮ. ಸ್ಟೆಪ್ನಿ, ಜಾಕು, ಸ್ಪ್ಯಾನರು, ಸ್ಕ್ರೂಡ್ರೈವರು ತುಂಬಿದ ಡಬ್ಬಿ ಎಲ್ಲವೂ ಅಟ್ಟ ಸೇರಿದವು. ಬೆಳಿಗ್ಗೆ ಕಾರು ಹೊರಡುವ ಮೊದಲೇ, ಟೈರು ತಣ್ಣಗಿರುವಾಗ, ನಾಲ್ಕಕ್ಕೂ ಗಾಳಿ ನೋಡುವರು. ಏರ್ ಫಿಲ್ಟರನ್ನು ವಾರಕ್ಕೊಮ್ಮೆ ಹಸುಗೂಸಿಗೆ ಸ್ನಾನ ಮಾಡಿಸುವ ಹಾಗೆ ಮೆಲ್ಲಗೆ ತಟ್ಟಿ ಧೂಳು ಬಿಡಿಸುವರು. ಎಸಿ ಮುಟ್ಟುವಂತಿಲ್ಲ. ದೂರದಲ್ಲಿ ಕೆಂಪು ದೀಪ ಕಂಡರೆ ಅಲ್ಲಿಂದಲೇ ಪೆಡಲ್ ಬಿಟ್ಟು, ಕಾರು ತಾನಾಗಿ ತೇಲಿ ಹೋಗಿ ನಿಲ್ಲುವ ಹೊತ್ತಿಗೆ ದೀಪ ಹಸಿರಾಗಬೇಕು. ಹಾಗಾದ ದಿನ ಅವರ ಮುಖ ನೋಡಬೇಕಿತ್ತು.

"ಬ್ರೇಕ್ ಒತ್ತೋದು ಅಂದ್ರೆ ಉರಿಸಿದ ಪೆಟ್ರೋಲನ್ನ ಚರಂಡಿಗೆ ಚೆಲ್ಲಿದ ಹಾಗೆ ಕಣೋ" ಎಂದು ನನಗೆ ಪಾಠ ಬೇರೆ.

ಅಕ್ಕ ಹಿಂದಿನ ಸೀಟಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ನನ್ನನ್ನೂ ಅಟ್ಟದ ಮೇಲೆ ಇಟ್ಬಿಡ್ರೀ. ಇನ್ನೂ ಚೆನ್ನಾಗಿ ಓಡುತ್ತೆ" ಅನ್ನುವಳು.

"ನೀನು ಹೆಚ್ಚೇನೂ ಭಾರ ಇಲ್ಲ ಬಿಡು" ಎಂದು ಭಾವ. ಅದು ನಿಜವಾಗಿತ್ತು.

ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿಗೆ ಸೋಮವಾರ ರಜೆ. ಅದಕ್ಕೇ ಸೋಮವಾರ ನಾನೂ ಜೊತೆಗೆ ಹೋಗುತ್ತಿದ್ದೆ. ಅಕ್ಕನನ್ನು ಒಳಗೆ ಮಲಗಿಸಿದ ಮೇಲೆ ನಾಲ್ಕು ಗಂಟೆ ನಮಗೆ ಕೆಲಸವಿಲ್ಲ. ಭಾವ ಬಾನೆಟ್ ತೆರೆದುಕೊಂಡು ಪ್ಲಗ್ಗಿನ ವೈರು ಒರೆಸುತ್ತಾ ನಿಲ್ಲುವರು. ಒಂದು ದಿನ ರೇಗಿ ಕೇಳಿಯೇಬಿಟ್ಟೆ. "ಅದರಲ್ಲಿ ಇನ್ನೇನು ಉಳಿದಿದೆ ಅಂತ ಒರೆಸ್ತೀರ ಭಾವ? ಬಂದು ಸ್ವಲ್ಪ ಕೂತ್ಕೊಳ್ಳಿ."

ಅವರು ತಲೆ ಎತ್ತಲಿಲ್ಲ. "ಇಪ್ಪತ್ತೆಂಟು ವರ್ಷದಿಂದ ಕೆಟ್ಟಿದ್ದನ್ನ ಬಿಚ್ಚಿ ಸರಿ ಮಾಡ್ತಾ ಬಂದೋನು ನಾನು. ಅವಳೊಳಗೆ ಕೆಟ್ಟಿರೋದನ್ನ ನನಗೆ ಬಿಚ್ಚೋಕೆ ಬರಲ್ಲ. ಇದು ಬರುತ್ತೆ. ಮಾಡ್ತೀನಿ, ಬಿಡು" ಅಂದರು.

ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರಲ್ಲ, ಭಾವ ಕಾರನ್ನು ಪರಚುತ್ತಿದ್ದರು. ಆ ದಿನದಿಂದ ನಾನು ನಗುವುದನ್ನು ಬಿಟ್ಟೆ. ನಗುವುದನ್ನು ಬಿಟ್ಟದ್ದೇ ತಪ್ಪಾಯಿತೇನೋ. ಯಾರಾದರೂ ನಕ್ಕು ತಡೆಯಬೇಕಾದ ಕೆಲಸವೊಂದನ್ನು ಅವರು ಆಮೇಲೆ ಮಾಡಿದರು.

ಒಂದೊಂದು ಓಡಾಟಕ್ಕೂ ಟ್ಯಾಂಕ್ ತುಂಬಿಸಿ ಬರೆದಿಟ್ಟ ಮೂರು ತಿಂಗಳ ಮೈಲೇಜ್ ಹೋಲಿಸಿ ನೋಡಿದಾಗ ಅವರಿಗೊಂದು ವಿಷಯ ಹೊಳೆದಿತ್ತು. ಅಕ್ಕ ಚೆನ್ನಾಗಿದ್ದ ದಿನ ಕಾರು ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಕೊಡುತ್ತದೆ. ಅವಳು ನರಳಿದ ದಿನ ಹದಿನೆಂಟಕ್ಕೆ ಇಳಿಯುತ್ತದೆ. ಕಾರಿನಲ್ಲಿ ಐಬಿಲ್ಲ. ಅವರಿಗೆ ಹೆದರಿಕೆಯಾದಾಗ ಬಲಗಾಲು ಅವರನ್ನು ಕೇಳದೆಯೇ ಒತ್ತುತ್ತಿತ್ತು. ಕಾಲಿಗೆ ಬುದ್ಧಿ ಹೇಳಿ ಸಾಕಾಗಿ, ಹಳೆಯ ಹೊಲಿಗೆ ಯಂತ್ರದ ಹಲಗೆಯಿಂದ ಒಂದು ತೇಗದ ತುಂಡು ಕೊಯ್ದು, ಮರಳುಕಾಗದದಿಂದ ಉಜ್ಜಿ ನುಣ್ಣಗೆ ಮಾಡಿ, ಆಕ್ಸಿಲರೇಟರ್ ಪೆಡಲಿನ ಕೆಳಗೆ ಎರಡು ಸ್ಕ್ರೂ ಹಾಕಿ ಬಿಗಿದರು. ಪೆಡಲ್ ಅರ್ಧ ಇಳಿದು ಮರಕ್ಕೆ ತಾಗಿ ನಿಲ್ಲುತ್ತಿತ್ತು. ಸಮತಟ್ಟಿನಲ್ಲಿ ಅರವತ್ತು, ಏರಿನಲ್ಲಿ ನಲವತ್ತು. ಅದಕ್ಕಿಂತ ಮೇಲೆ ಹೆದರಲು ಜಾಗವಿಲ್ಲ. ನನ್ನನ್ನು ಬಗ್ಗಿಸಿ ತೋರಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು. "ಚೆನ್ನಾಗಿದೆ ಭಾವ" ಅಂದವನು ನಾನೇ.

ಆ ಸೋಮವಾರ ಬೆಳಿಗ್ಗೆ ಅಕ್ಕನ ಮುಖ ಊದಿತ್ತು. ಆದರೂ ತಾನೇ ನಡೆದು ಬಂದು ಕಾರು ಹತ್ತಿದಳು. ಸೇತುವೆ ದಾಟಿದ ಮೇಲೆ, ಆಸ್ಪತ್ರೆಗೆ ಇನ್ನೂ ಇಪ್ಪತ್ತು ಕಿಲೋಮೀಟರ್ ಇರುವಾಗ, "ಯಾಕೋ ಉಸಿರು ಸಿಗ್ತಿಲ್ಲ ಕಣೋ" ಎಂದು ನನ್ನ ತೋಳು ಹಿಡಿದಳು. ಎದೆಯೊಳಗೆ ನೀರು ಕುದಿಯುವಂಥ ಸದ್ದು. ತುಟಿಯ ಬಣ್ಣ ನೋಡನೋಡುತ್ತಾ ಬದಲಾಯಿತು.

"ಭಾವ, ಜೋರಾಗಿ ಹೋಗಿ."

"ಹೋಗ್ತಾ ಇದೀನಿ."

"ಇನ್ನೂ ಜೋರಾಗಿ."

ಹೋಗಲಿಲ್ಲ. ಲಾರಿಗಳು ನಮ್ಮನ್ನು ದಾಟಿ ಹೋದವು. ಮರಳು ತುಂಬಿದ ಟಿಪ್ಪರೊಂದು ಸ್ವಲ್ಪ ದೂರ ನಮ್ಮ ಪಕ್ಕದಲ್ಲೇ ಓಡಿತು. ಭಾವ ಸೀಟಿನಿಂದ ಎದ್ದು ಇಡೀ ಮೈಭಾರವನ್ನು ಆ ಕಾಲಿನ ಮೇಲೆ ಬಿಟ್ಟಿದ್ದರು. ಚಪ್ಪಲಿಯ ಬಾರು ಕಿತ್ತುಬಂತು. ತೇಗದ ತುಂಡು ಅಲುಗಲಿಲ್ಲ. ಕಾರು ಪಕ್ಕಕ್ಕೆ ಹಾಕಿ, ಬಗ್ಗಿ, ಸ್ಕ್ರೂವಿಗೆ ಬೀಗದ ಕೈ ಕೊಟ್ಟು ತಿರುಗಿಸಿದರು. ಬೀಗದ ಕೈ ಬಾಗಿತು. ಊರಿನ ಅರ್ಧ ಯಂತ್ರಗಳ ಸ್ಕ್ರೂ ಬಿಗಿದ ಮನುಷ್ಯನ ಬಳಿ ಆ ಹೊತ್ತಿಗೆ ಒಂದು ಸ್ಕ್ರೂಡ್ರೈವರ್ ಇರಲಿಲ್ಲ. ಕೈ ಬೀಸಿದರೆ ಯಾವ ಗಾಡಿಯೂ ನಿಲ್ಲಲಿಲ್ಲ. ಮತ್ತೆ ಹತ್ತಿ, ಮರ ಬಿಟ್ಟಷ್ಟು ವೇಗದಲ್ಲೇ ಓಡಿಸಿದರು. ಕೊನೆಯ ಏರಿನಲ್ಲಿ ಕಾರು ತೆವಳುವಾಗ ಅವರು ಸ್ಟೇರಿಂಗನ್ನು ಮುಂದಕ್ಕೆ ತಳ್ಳುತ್ತಿದ್ದರು, ತಳ್ಳಿದರೆ ಹೋಗುತ್ತದೆಯೋ ಎಂಬಂತೆ. ನಾನು ಅಕ್ಕನ ಬೆನ್ನು ಉಜ್ಜುತ್ತಾ ಕುಳಿತಿದ್ದೆ. ಅದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು.

ಸೇತುವೆಯಿಂದ ಆಸ್ಪತ್ರೆಯ ಗೇಟಿಗೆ ಇಪ್ಪತ್ತೊಂಬತ್ತು ನಿಮಿಷ. ಅಕ್ಕ ಗೇಟಿನ ತನಕ ಇದ್ದಳು. ಒಳಗೆ ಮಲಗಿಸುವಷ್ಟರಲ್ಲಿ ಹೋದಳು.

ಭಾವ ಅಳಲಿಲ್ಲ. ಡಾಕ್ಟರಮ್ಮನ ಹಿಂದೆ ಬರಿಗಾಲಲ್ಲಿ ಹೋಗಿ, "ಹತ್ತು ನಿಮಿಷ ಮುಂಚೆ ಬಂದಿದ್ರೆ?" ಎಂದು ಕೇಳಿದರು. ಡಾಕ್ಟರಮ್ಮ ಒಳ್ಳೆಯವರು, ಸುಳ್ಳು ಹೇಳಲು ಬಾರದವರು. "ಹೇಳೋಕಾಗಲ್ಲಪ್ಪ" ಅಂದರು. ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಇವತ್ತಿಗೂ ಕೋಪವಿದೆ.

ತಿಂಗಳು ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಭಾವ ನನ್ನ ಮನೆಗೆ ಬಂದರು. ಪೆಡಲಿನ ಕೆಳಗಿನ ತುಂಡು ಬಿಚ್ಚಿಯಾಗಿತ್ತು. "ನನ್ನ ಕಾಲಿನ ಮೇಲೆ ನನಗೆ ನಂಬಿಕೆ ಇಲ್ಲ. ನೀನು ಓಡಿಸು. ಸೇತುವೆಯಿಂದ ಗೇಟಿಗೆ, ಆದಷ್ಟು ಜೋರಾಗಿ. ಎಷ್ಟು ನಿಮಿಷ ಅಂತ ನೋಡ್ಬೇಕು" ಅಂದರು. ಬೇಡ ಭಾವ ಎಂದು ಬಡಕೊಂಡೆ. ಕೇಳಲಿಲ್ಲ. ನಾನು ಹೋಗದಿದ್ದರೆ ಇನ್ಯಾರನ್ನಾದರೂ ಕರೆದುಕೊಂಡು ಹೋಗುತ್ತಾರೆ. ನಾನಾದರೆ ಏನಾದರೂ ಮಾಡಬಹುದು ಅನ್ನಿಸಿತು.

ಸೇತುವೆಯ ಮೇಲೆ ಅವರು ಗಡಿಯಾರ ನೋಡಿ "ಹ್ಞೂಂ" ಅಂದರು. ನಾನು ಎಂಜಿನ್ ಚೀರುವಂತೆ ಮಾಡಿದೆ, ಲಾರಿಗಳಿಗೆ ಹಾರ್ನ್ ಹೊಡೆದೆ, ಹುಬ್ಬು ಗಂಟಿಕ್ಕಿಕೊಂಡೆ. ಸಾಲುಮರಗಳ ನೇರ ರಸ್ತೆಯಲ್ಲಿ ಮಾತ್ರ ಕಾಲನ್ನು ಮೆಲ್ಲಗೆ, ತುಂಬಾ ಮೆಲ್ಲಗೆ ಮೇಲೆತ್ತಿದೆ. ಗಡಿಯಾರವನ್ನು ಓರೆಗಣ್ಣಿನಲ್ಲಿ ನೋಡುತ್ತಾ, ಏರಿನಲ್ಲಿ ಇನ್ನಷ್ಟು ಎತ್ತಿದೆ. ಗೇಟು ಬಂತು. ಇಪ್ಪತ್ತೇಳು ನಿಮಿಷ.

"ನೋಡಿ ಭಾವ, ಎರಡೇ ನಿಮಿಷ. ಆವತ್ತು ಏನು ಮಾಡಿದ್ರೂ ಆಗ್ತಿರಲಿಲ್ಲ" ಅಂದೆ.

ಭಾವ ಗೇಟನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು. ನಂಬಿದರು ಎಂದುಕೊಂಡೆ. ಮೂರು ವರ್ಷ ಪೆಟ್ರೋಲಿನ ಒಂದೊಂದು ಹನಿಯನ್ನೂ ಎಂಜಿನ್ನಿನ ಸದ್ದು ಕೇಳಿ ಕಿವಿಯಲ್ಲೇ ಅಳೆದವರು ಅವರು ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

"ನೇರ ರಸ್ತೇಲಿ ಒಂದ್ಸಲ ಕಾಲು ತೆಗೆದೆ, ಏರಿನಲ್ಲಿ ಇನ್ನೊಂದ್ಸಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ತಿರುಗಿಸು. ಈ ಸಲ ನಿಮ್ಮಕ್ಕ ಹಿಂದೆ ಕೂತಿದಾಳೆ ಅಂದ್ಕೊಂಡು ಓಡ್ಸು."

ನಾನು ಕಾರು ತಿರುಗಿಸಿದೆ.