ಹಲಗೆಯ ಮೇಲಿನ ಅಂಗೈ

ಸಂಗೀತ ಕಚೇರಿಗೆ ಬಂದವರೆಲ್ಲ ಹಾಡುವವರ ಮುಖ ನೋಡುತ್ತ ಕೂತರೆ, ನಮ್ಮಣ್ಣ ಮುನಿವೆಂಕಟಪ್ಪ ವೇದಿಕೆಯ ಮಗ್ಗುಲಲ್ಲಿ ಕೂತು, ಎರಡು ಅಂಗೈಯನ್ನೂ ಅದರ ಹಲಗೆಯ ಮೇಲೆ ಊರಿ ಕಣ್ಣು ಮುಚ್ಚಿಬಿಡುತ್ತಿದ್ದ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಮೃದಂಗದ ಪೆಟ್ಟು ಮರದೊಳಗೆ ಹಾದು ಅಂಗೈಗೆ ಬರುತ್ತದೆ ಎನ್ನುತ್ತಿದ್ದ. ಕೋಲಾರದ ರಾಮನವಮಿ ಕಚೇರಿಗಳಿಗೆ ಬರುವವರಿಗೆಲ್ಲ ಅವನ ಗುರುತಿತ್ತು.

"ಏನ್ ಮುನಿಯಣ್ಣ, ಹಲಗೆಗೆ ಜ್ವರ ಬಂದೈತಾ?" ಎಂದು ಪಾನಕ ಹಂಚುವ ಶೆಟ್ಟರು ಕೆಣಕುತ್ತಿದ್ದರು. ಎದುರಿಗಿದ್ದವರ ತುಟಿ ನೋಡಿಯೇ ಅಣ್ಣ ಮಾತು ಹಿಡಿಯುತ್ತಿದ್ದ.

"ಬಂದೈತೆ ಶೆಟ್ರೇ. ನೀವು ಮುಟ್ಬೇಡಿ, ಅಂಟ್ಕೊಂಬಿಡುತ್ತೆ."

ನಮ್ಮಪ್ಪ ಮುಳಬಾಗಿಲಿನಲ್ಲಿ ನಾಗಸ್ವರ ಊದುತ್ತಿದ್ದರು. ಅಣ್ಣನಿಗೆ ಅದು ಎಳವೆಯಲ್ಲೇ ಒಲಿಯಿತು. ನಾನು ಅಭ್ಯಾಸದ ಹೊತ್ತಿಗೆ ಕೆರೆ ಕಡೆ ಓಡುತ್ತಿದ್ದೆ; ಮನೆಯಲ್ಲಿ ಕಿವಿಗೆ ಬಿದ್ದು ಬಿದ್ದು ರಾಗಗಳ ಗುರುತಷ್ಟೇ ಹತ್ತಿತ್ತು. ಮೂರನೆಯ ಕ್ಲಾಸಿಗೆ ಇಸ್ಕೂಲನ್ನೂ ಬಿಟ್ಟೆ. ಅಪ್ಪ ತೀರಿಕೊಂಡ ಮೇಲೆ ಓಲಗದಿಂದ ಮನೆ ನಡೆಯಲಿಲ್ಲ. ಅಣ್ಣ ಬಂಡೆ ಸಿಡಿಸುವ ಕೆಲಸಕ್ಕೆ ಹೋದ, ನನ್ನನ್ನು ಕೋಲಾರದ ದರ್ಜಿಯೊಬ್ಬರ ಬಳಿ ಬಿಟ್ಟ. ಆ ಬಂಡೆಗಳೇ ಅವನ ಕಿವಿ ತಿಂದವು. ತುಟಿ ಓದುವುದನ್ನು ಕಲಿತದ್ದೂ ಅಲ್ಲೇ. ಆಮೇಲೆ ಅತ್ತಿಗೆಯ ಊರಾದ ಸುಗಟೂರಿಗೆ ಹೋಗಿ ರೇಷ್ಮೆ ಹುಳ ಸಾಕತೊಡಗಿದ. ಎಷ್ಟೋ ವರ್ಷ ಸಂಗೀತದ ಸುದ್ದಿ ಎತ್ತಲಿಲ್ಲ. ಮದುವೆ ಮನೆಯಲ್ಲಿ ಓಲಗದವರು ಕಂಡರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಯುದ್ಧದ ಕಾಲದಲ್ಲಿ ಒಮ್ಮೆ, ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಕೆಮ್ಮುತ್ತ ಕೋಲಾರದ ನಮ್ಮನೆಗೆ ಬಂದಿದ್ದ. ಸಂಜೆ ನನ್ನ ಜೊತೆ ರಾಮನವಮಿಯ ಚಪ್ಪರದ ಕಡೆ ಬಂದವನು ಆಸರೆಗೆಂದು ವೇದಿಕೆಯ ಹಲಗೆ ಹಿಡಿದ. ಹಿಡಿದವನು ಹಾಗೆಯೇ ಕುಸಿದು ಕೂತ. ತಲೆ ಸುತ್ತಿತೇನೋ ಎಂದು ನಾನು ಹೆದರಿದೆ.

"ಆದಿತಾಳ ಕಣೋ," ಎಂದ. ಕಣ್ಣು ತುಂಬಿತ್ತು. "ರಾಗ ಯಾವ್ದು? ಹೇಳು."

ಕಚೇರಿಯ ನಡುವೆ ಮಾತಾಡುವಂತಿಲ್ಲ. ಅವನು ಕಣ್ಣು ಮುಚ್ಚಿದರೆ ತುಟಿಯೂ ಕಾಣದು. ಅವನ ಬೆನ್ನ ಮೇಲೆ ಬೆರಳಿನಿಂದ 'ಮೋಹನ' ಎಂದು ಬರೆದೆ. ನಾನು ಕಲಿತ ನಾಲ್ಕಕ್ಷರ ಕೆಲಸಕ್ಕೆ ಬಂದದ್ದು ಆವತ್ತೇ. ಅವನ ಮುಖ ಮೆಲ್ಲಗೆ ಅರಳಿತು. ಮನೆಗೆ ಬರುವ ದಾರಿಯಲ್ಲಿ ಹೇಳಿದ: "ರಾಗ ಅಂದ್ರೆ ಊರಿದ್ದಂಗೆ. ಹೆಸ್ರು ಹೇಳು ಸಾಕು, ದಾರಿ ನಂಗೊತ್ತು."

ಅಲ್ಲಿಂದ ಮುಂದೆ ಪ್ರತಿ ರಾಮನವಮಿಗೂ ಬಂದ. ತಾಳ ಹಲಗೆಯಿಂದ ಬರುವುದು, ಹೆಸರು ನನ್ನ ಬೆರಳಿನಿಂದ. ಹಾಡು ಅವನ ಒಳಗೇ ಏಳುವುದು. ಚಿಕ್ಕಂದಿನಲ್ಲಿ ಊದಿದ್ದಕ್ಕಿಂತ ಈಗ ಕೇಳುವುದೇ ಹೆಚ್ಚು ಸುಖ ಎನ್ನುತ್ತಿದ್ದ. "ಆಗ ಉಸಿರಿನ ಕಡೆ ಗ್ಯಾನ ಇತ್ತು. ಈಗ ಬರೀ ರಾಗ."

ನನಗೆ ಮಾತ್ರ ಅದು ಬಿಟ್ಟಿ ಚಾಕರಿ ಅನ್ನಿಸತೊಡಗಿತ್ತು. ಒಂದು ವರ್ಷ ಮದರಾಸಿನ ಕಡೆಯ ವಿದ್ವಾಂಸರೊಬ್ಬರು ಬಂದಿದ್ದರು. ನಾನು ನಡುವೆ ಎದ್ದು ಹೋಗಿ ಗೆಳೆಯರ ಜೊತೆ ಬೀಡಿ ಸೇದುತ್ತ ಹರಟಿದೆ. ವಾಪಸು ಬಂದಾಗ ಮುಖ್ಯ ರಾಗದ ಆಲಾಪನೆ ಅರ್ಧವಾಗಿತ್ತು. ಆಲಾಪನೆಗೆ ಮೃದಂಗವಿಲ್ಲ, ಹಲಗೆ ಸತ್ತಂತಿತ್ತು. ಅಣ್ಣ ಕಾದು ಕೂತಿದ್ದ. ನನ್ನ ಸುಳಿವು ಸಿಕ್ಕಿದ್ದೇ ಬರೆಯಲೆಂದು ಬೆನ್ನು ಕೊಟ್ಟ. ನಾನು ಕಿವಿಗೊಡಲೇ ಇಲ್ಲ. ಬೆರಳಿಗೆ ಬಂದ ಹೆಸರು ಬರೆದೆ: 'ಕಲ್ಯಾಣಿ'. ಆಮೇಲೆ ಕೃತಿ ಶುರುವಾಗಿ ಮುಗಿಯುವವರೆಗೂ ಅವನು ತಲೆದೂಗುತ್ತಿದ್ದ.

ಮರುದಿನ ಬೆಳಿಗ್ಗೆ, ನಾನು ಬೇಡವೆಂದರೂ ಕೇಳದೆ, ವಿದ್ವಾಂಸರು ಇಳಿದುಕೊಂಡಿದ್ದ ಛತ್ರಕ್ಕೆ ಹೋಗಿ ಅವರಿಗೆ ಕೈಮುಗಿದ.

"ಸ್ವಾಮೀ, ನಿನ್ನೆ ಕಲ್ಯಾಣಿ ಹಾಡಿದ್ರಲ್ಲ, ನಮ್ಮಪ್ಪನ್ನ ಎದ್ರಿಗೆ ತಂದು ಕೂರಿಸಿಬಿಟ್ರಿ."

ವಿದ್ವಾಂಸರು ಕಾಫಿ ಲೋಟ ಕೆಳಗಿಟ್ಟು ನೋಡಿದರು. ಅಣ್ಣನ ಹಿಂದೆ ಶಿಷ್ಯರಿದ್ದರು. "ತೋಡಿ ಹೋಗಿ ಕಲ್ಯಾಣಿ ಆಯ್ತಾ!" ಎಂದು ಒಬ್ಬ ಕಿಸಕ್ಕೆಂದ. ಅಣ್ಣನಿಗೆ ಅದು ಕಾಣಲಿಲ್ಲ. ವಿದ್ವಾಂಸರ ಮುಖದಲ್ಲಿ ಏನೋ ಕಂಡು ನನ್ನ ಕಡೆ ತಿರುಗಿದ.

ತಪ್ಪು ನನ್ನದು ಎಂದು ಹೇಳುವುದಕ್ಕೆ ಒಂದು ಉಸಿರು ಸಾಕಿತ್ತು. ನಾನು ಹೇಳಿದ್ದು ಇಷ್ಟು: "ತಪ್ಪು ತಿಳ್ಕೋಬೇಡಿ ಸ್ವಾಮಿ. ಕಿವುಡ. ಏನೋ ಬಡಬಡಿಸ್ತಾನೆ."

ಹೇಳುವಾಗ ಅಣ್ಣ ನನ್ನ ತುಟಿಯನ್ನೇ ನೋಡುತ್ತಿದ್ದ.

ಮತ್ತೊಮ್ಮೆ ಕೈಮುಗಿದು ಹೊರಗೆ ಬಂದ. ಬಸ್ಸು ಹತ್ತುವಾಗ, "ನಿನ್ ಕಿವೀನ ನಂದು ಅನ್ಕೊಂಡಿದ್ದೆ ಕಣ್ಲಾ," ಎಂದ, ಅಷ್ಟೇ. ಮುಂದಿನ ರಾಮನವಮಿಗೆ ಕರೆಯಲು ಹೋದರೆ ಹುಳ ನಾಲ್ಕನೇ ಜ್ವರ ಮುಗಿಸಿ, ಕೊನೆಯ ಪೊರೆ ಬಿಟ್ಟು, ಹಗಲೂ ರಾತ್ರಿ ಮೇಯುತ್ತಿವೆ, ಸೊಪ್ಪು ಹಾಕುವವರಿಲ್ಲ ಎಂದ. ಅದರ ಮುಂದಿನ ವರ್ಷವೂ ಹಾಗೇ. ನಾನೊಬ್ಬನೇ ಹೋಗಿ ಅವನ ಜಾಗದಲ್ಲಿ ಕೂತೆ. ಬರೆಯಲು ಬೆನ್ನಿಲ್ಲದಾಗ ಕಿವಿಗೊಟ್ಟು ಕೇಳಿದೆ. ಚಿಕ್ಕಂದಿನಲ್ಲಿ ತಪ್ಪಿಸಿಕೊಂಡು ಓಡಿದ್ದು ಯಾವುದರಿಂದ ಎಂದು ಗೊತ್ತಾದದ್ದು ಆಗ. ಸಂತೋಷಪಡಲು ಮುಖವಿರಲಿಲ್ಲ.

ಅವನನ್ನು ಕೊನೆಯ ಸಲ ಕಂಡದ್ದು ಸುಗಟೂರಿನಲ್ಲಿ, ಅವನು ತೀರಿಕೊಳ್ಳುವ ಕೆಲವೇ ದಿನ ಮುಂಚೆ. ಹುಳದ ಮನೆಯ ಪಕ್ಕದ ಕೋಣೆಯಲ್ಲಿ ಮರದ ಮಂಚದ ಮೇಲೆ ಮಲಗಿದ್ದ. ನಾನು ಮುಖಕ್ಕೆ ಮುಖ ಕೊಟ್ಟು, "ಅವತ್ತು ಛತ್ರದಲ್ಲಿ ನಾನು..." ಎಂದು ಶುರುಮಾಡಿದೆ.

"ಅದು ಹಾಳಾಗೋಗ್ಲಿ," ಎಂದ. "ಅವ್ರು ಹಾಡಿದ್ದು ಯಾವ ರಾಗ, ಅದ್ ಹೇಳು. ಇಷ್ಟು ವರ್ಷ ಕೇಳ್ಬೇಕು ಅಂತಾನೇ ಇದ್ದೆ."

ಅಳುವ ತುಟಿಯಲ್ಲಿ ಹೆಸರು ಮೂಡಲಿಲ್ಲ. ಅವನ ಮುಂಗೈ ಮೇಲೆ ಬರೆದೆ.

"ತೋಡಿನಾ!" ಎಂದ. "ಅದಕ್ಕೇ ಆ ಮೃದಂಗದೋನು ಅಷ್ಟು ತಡ್ದು ತಡ್ದು ಬಾರಿಸ್ತಿದ್ದ. ಕಲ್ಯಾಣಿಗೆ ಅದು ಹೊಂದ್ಲೇ ಇಲ್ಲ ಕಣೋ."

ಅಂಗೈಯನ್ನು ಮಂಚದ ಪಟ್ಟಿಯ ಮೇಲೆ ಊರಿ ಕಣ್ಣು ಮುಚ್ಚಿದ. ಅತ್ತಿಗೆ ಗಂಜಿ ತಂದರು. ತಡೆಯಿರಿ ಎಂದು ಸನ್ನೆ ಮಾಡಿದೆ. ಅಣ್ಣನ ಬೆರಳುಗಳು ಒಂದೊಂದಾಗಿ ಮರದ ಮೇಲೆ ಬೀಳತೊಡಗಿದವು. ಪಕ್ಕದ ಕೋಣೆಯಲ್ಲಿ ಹುಳಗಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ನನಗೆ ಬೇರೇನೂ ಕೇಳಿಸಲಿಲ್ಲ. ಗಂಜಿ ಆರಿ ಕೆನೆಗಟ್ಟಿತು. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದ.

"ಚೆನ್ನಾಗ್ ಹಾಡವ್ರೆ ಕಣೋ," ಎಂದ.