ಅತ್ತಿಗೆ ಕಪ್ಪಾದ ವರ್ಷ

ಅಣ್ಣನ ಮದುವೆಯಾಗಿ ಅತ್ತಿಗೆ ಬೂದಿಕೋಟೆ ಪಕ್ಕದ ನಮ್ಮೂರಿಗೆ ಬಂದಾಗ ಎಣ್ಣೆಗೆಂಪು ಬಣ್ಣದವಳು. ಎರಡನೇ ವರ್ಷ ಅವಳ ಮುಖ, ಬೆರಳ ಗೆಣ್ಣು, ಅಂಗೈ ಗೆರೆಗಳೆಲ್ಲ ಕಪ್ಪಾಗತೊಡಗಿದವು. ಹೊಲದ ಬಿಸಿಲು ಎಂದುಕೊಂಡೆವು. ಮೈ ಇಳಿದುಹೋಯಿತು. ಹಸುಗಳ ಹಾಲು ಕರೆದು ಮುಗಿಸುವಷ್ಟರಲ್ಲಿ ಗೋಡೆಗೊರಗಿ ಕೂತುಬಿಡುತ್ತಿದ್ದಳು. ಮುದ್ದೆ ಸೇರುತ್ತಿರಲಿಲ್ಲ. ಒಮ್ಮೆ ಅವಳು ಕಲ್ಲುಪ್ಪನ್ನು ಬಾಯಿಗೆ ಹಾಕಿಕೊಳ್ಳುವುದನ್ನು ಅಮ್ಮ ನೋಡಿದಳು.

“ಇದೇನಮ್ಮ, ಬರೀ ಉಪ್ಪು ತಿಂತಿದ್ದೀಯ? ಬಸುರಿ ಏನೆ?”

“ಇಲ್ಲತ್ತೆ. ತಿನ್ಬೇಕು ಅನಿಸ್ತೈತೆ, ಅಷ್ಟೇ.”

ಅಮ್ಮ ಕೆಟ್ಟವಳಲ್ಲ. ಆದರೂ, “ಕೆಲ್ಸ ಅಂದ್ರೆ ಇವ್ಳಿಗೆ ಎಲ್ಲಿಲ್ಲದ ಸುಸ್ತು. ಸೋಂಬೇರಿ ಆಗವ್ಳೆ” ಎಂದು ಅವಳಿಗೆ ಕೇಳಿಸುವಂತೆಯೇ ಗೊಣಗುತ್ತಿದ್ದಳು.

ಆ ಮಳೆಗಾಲ ಅತ್ತಿಗೆಗೆ ವಾಂತಿ, ಭೇದಿ ಶುರುವಾಯಿತು. ಮಾರನೆಯ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದವಳು ಅಲ್ಲೇ ಕುಸಿದಳು. ನಾನು, ಅಮ್ಮ ಆಟೋದಲ್ಲಿ ಮಲಗಿಸಿಕೊಂಡು ಕೆಜಿಎಫ್‌ನ ಆಸ್ಪತ್ರೆಗೆ ಓಡಿದೆವು. ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. ಡ್ರಿಪ್ ಹಾಕಿಸಿದ ಡಾಕ್ಟರಮ್ಮ ಅವಳ ಅಂಗೈ ಬಿಡಿಸಿ ನೋಡಿದರು, ತುಟಿ ಸರಿಸಿ ಒಸಡು ನೋಡಿದರು. “ಮೊದಲಿಂದಲೂ ಇದೇ ಬಣ್ಣಾನಾ?” ಎಂದರು. ನಾನು ಮೊಬೈಲಿನಲ್ಲಿದ್ದ ಮದುವೆ ಫೋಟೋ ತೋರಿಸಿದೆ. ಅವರು ಕೂಡಲೇ ರಕ್ತ ತೆಗೆಸಿ, ಒಂದು ಇಂಜೆಕ್ಷನ್ ಕೊಡಿಸಿದರು. ಸಂಜೆಗೆ ಅತ್ತಿಗೆ ಎದ್ದು ಕೂತು ಇಡ್ಲಿ ಕೇಳಿದಳು.

ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ಮಂಚದ ಪಕ್ಕ ನಿಂತು ವಿವರಿಸಿದರು.

“ಎರಡು ಕಿಡ್ನಿಗಳ ಮೇಲೂ ಒಂದೊಂದು ಪುಟ್ಟ ಗ್ರಂಥಿ ಇರುತ್ತೆ. ಕೊಲೆಸ್ಟ್ರಾಲ್ ಅಂತೀವಲ್ಲ, ಆ ಕೊಬ್ಬನ್ನೇ ಹಂತಹಂತವಾಗಿ ಬದಲಾಯಿಸಿ ಸ್ಟೀರಾಯ್ಡ್ ಹಾರ್ಮೋನು ಮಾಡುತ್ತೆ. ಕೂಡಿಟ್ಟುಕೊಳ್ಳಲ್ಲ. ಮಾಡಿದ್ದು ಹಾಗೇ ರಕ್ತಕ್ಕೆ ಇಳಿಯುತ್ತೆ. ಮೈಗೆ ಕಾಯಿಲೆ ತಡ್ಕೊಳ್ಳೋ ಶಕ್ತಿ ಕೊಡೋದು, ಉಪ್ಪಿನಂಶ ಉಳಿಸೋದು ಅದೇ. ಇವರಲ್ಲಿ ಆ ಗ್ರಂಥಿಗಳು ಸೋತಿವೆ. ಅದಕ್ಕೇ ಇಷ್ಟು ಸುಸ್ತು, ಉಪ್ಪಿನ ಆಸೆ.”

“ಅದಕ್ಕೂ ಬಣ್ಣಕ್ಕೂ ಏನು ಮೇಡಂ?” ಎಂದಳು ಅಮ್ಮ.

“ಹಾರ್ಮೋನು ಮಾಡು ಅಂತ ಮೆದುಳಿನ ಕೆಳಗಿರೋ ಇನ್ನೊಂದು ಗ್ರಂಥಿ ಹೇಳಿ ಕಳಿಸುತ್ತೆ. ಕೆಲಸ ಆಗದಿದ್ರೆ ಮತ್ತೆ ಮತ್ತೆ ಕಳಿಸುತ್ತೆ. ಹಾಗೆ ಕಳಿಸೋ ರಸ ಜಾಸ್ತಿಯಾಗಿ ಚರ್ಮ ಕಪ್ಪಾಗುತ್ತೆ.”

ಅತ್ತಿಗೆ ಚಾವಣಿ ನೋಡುತ್ತಲೇ ಮೆಲ್ಲಗೆ ಅಂದಳು: “ಅಂಗಾದ್ರೆ ನಾನು ಸೋಂಬೇರಿ ಅಲ್ಲ.”

ಅಮ್ಮ ಅವಳ ಕಾಲ ಮೇಲಿನ ಹೊದಿಕೆ ಸರಿಮಾಡಿ, ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತಳು.

ಮೈ ತಾನೇ ಮಾಡಿಕೊಳ್ಳಲಾಗದ್ದನ್ನು ಮಾತ್ರೆಯಾಗಿ ಬದುಕಿರುವವರೆಗೂ ನುಂಗಬೇಕು. ಒಂದು ದಿನವೂ ಬಿಡುವಂತಿಲ್ಲ. ಜ್ವರ ಬಂದರೆ ಮೈ ಹೆಚ್ಚು ಹಾರ್ಮೋನು ಬೇಡುತ್ತದೆ, ಆಗ ಡಾಕ್ಟರು ಹೇಳಿಕೊಟ್ಟಂತೆ ಮಾತ್ರೆಯನ್ನೂ ಹೆಚ್ಚಿಸಬೇಕು. ಅತ್ತಿಗೆ ಕೆಲವೇ ವಾರಗಳಲ್ಲಿ ಚೇತರಿಸಿಕೊಂಡಳು. ಬಣ್ಣ ಮೊದಲಿನಂತಾಗಲು ಬಹಳ ತಿಂಗಳು ಹಿಡಿಯಿತು.

ಹೋದ ಚಳಿಗಾಲ ಅವಳಿಗೆ ಜ್ವರ ಬಂತು. ಅಮ್ಮನೇ ಗಂಜಿ ತಂದು, “ಇವತ್ತು ಮಾತ್ರೆ ಎರಡರಷ್ಟು ನುಂಗ್ಬೇಕು ಕಣಮ್ಮ. ಅಸಾ ಕರೆಯೋದು ನಾನ್ ನೋಡ್ಕೊಂತೀನಿ, ನೀನು ಮಲ್ಕೋ ಓಗು” ಎಂದಳು. ಅತ್ತಿಗೆ ಮಧ್ಯಾಹ್ನದವರೆಗೂ ನಿದ್ದೆ ಮಾಡಿದಳು. ಯಾರೂ ಎಬ್ಬಿಸಲಿಲ್ಲ.