ನಾಹಿದ್ ಕೀಬೋರ್ಡ್ ಮುಟ್ಟುವುದಿಲ್ಲ

ನಾಹಿದ್ ಪಾಠ ಹೇಳುವಾಗ ಎರಡೂ ಕೈಗಳನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಕೂಡುತ್ತಾಳೆ. ಚಳಿಗಲ್ಲ, ರಾಯಚೂರಿನಲ್ಲಿ ಚಳಿ ಎಷ್ಟು ದಿನ ಇರುತ್ತದೆ? ಕಲಿಯುವವರ ಕೀಬೋರ್ಡಿಗೆ ತನ್ನ ಕೈ ಹೋಗಬಾರದೆಂದು.

ಅವಳು ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದು ನಾಲ್ಕು ವರ್ಷವಾಯಿತು. ಊರು ದೇವದುರ್ಗ. ಇಲ್ಲಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಪೈಥಾನ್ ಕಲಿಸುತ್ತಾಳೆ. ಪೈಥಾನ್ ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಯಂತೆ. ಅವಳ ಅಪ್ಪ ಖಾಜಾ ಸಾಬರು ಬಜಾರದಲ್ಲಿ ಹಳೇ ಗೋಣಿಚೀಲ ಮಾರುತ್ತಿದ್ದರು, ತಾಯಿ ಸುಗ್ರಾ ಬೇಗಂ ಹರಿದ ಚೀಲ ಹೊಲಿಯುತ್ತಿದ್ದರು. ಶಾಲೆಯಿಂದ ಬಂದ ಮೇಲೆ ನಾಹಿದಳೂ ದಬ್ಬಣ ಹಿಡಿಯಬೇಕು. ತೂತು ಮುಚ್ಚಿ ಚೀಲ ಮಡಚಿಟ್ಟರೆ ತಾಯಿ ಬಿಡುತ್ತಿರಲಿಲ್ಲ. ತಮ್ಮ ಮನೆಮಾತಿನಲ್ಲಿ ಅವರು ಕೇಳುತ್ತಿದ್ದುದನ್ನು ನಾಹಿದ್ ನಮಗೆ ಕನ್ನಡದಲ್ಲಿ ಹೇಳುತ್ತಾಳೆ: "ಹೊಲದಿ, ಖರೆ. ತುಂಬಿ ನೋಡಿದಿ?" ಎರಡು ಸೇರು ಜೋಳ ಹಾಕಿ, ಎತ್ತಿ ಕುಲುಕಿ, ನೆಲಕ್ಕೆ ಒಂದು ಕಾಳೂ ಬೀಳದಿದ್ದರೆ ಮಾತ್ರ ಆ ಚೀಲ ಮಾರಾಟಕ್ಕೆ.

ಕಳೆದ ವರ್ಷ ನನ್ನ ಮಗಳ ಮಗಳು ವಿಶಾಖಾ ಮಾನ್ವಿಯಿಂದ ನಮ್ಮ ಮನೆಗೆ ಬಂದಳು. ಡಿಪ್ಲೊಮಾ ಓದುವ ಹುಡುಗಿ. ಪೈಥಾನ್ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಆ ಶನಿವಾರ ಎರಡನೇ ಸಲದ ಪರೀಕ್ಷೆ. ಅದೂ ಹೋದರೆ ಒಂದು ವರ್ಷ ಹೋಯಿತು. ಮಂಗಳವಾರ ಸಂಜೆ ಚಹಾ ಕುಡಿಯುತ್ತಾ, "ಅಜ್ಜಿ, ನಾ ಪರೀಕ್ಷೆಗೆ ಹೋಗಂಗಿಲ್ಲ. ಮತ್ತ ಎಲ್ಲಾರ ಮುಂದ ಫೇಲ್ ಆಗೋದಕಿಂತ ಬಿಡೋದ ಚಲೋ" ಎಂದಳು.

ಬಟ್ಟೆ ಒಣಹಾಕುತ್ತಿದ್ದ ನಾಹಿದಳಿಗೆ ಅದು ಕೇಳಿಸಿತು. "ಲ್ಯಾಪ್‌ಟಾಪ್ ತಗೊಂಡ್ ಬಾ ಇಲ್ಲಿ," ಎಂದು ಕರೆದು, ಪಡಸಾಲೆಯಲ್ಲಿ ಪಕ್ಕಕ್ಕೆ ಕೂತು ಕೈ ಸುತ್ತಿಕೊಂಡಳು.

ವಿಶಾಖಾ ಬರೆದಿದ್ದ ಪ್ರೋಗ್ರಾಂ ಭತ್ತದ ಬಗ್ಗೆ. ತೇವ ನೂರಕ್ಕೆ ಇಷ್ಟಿದೆ ಎಂದು ಕೊಟ್ಟರೆ ಏನು ಮಾಡಬೇಕೆಂದು ಕಂಪ್ಯೂಟರ್ ಹೇಳಬೇಕು. ಹದಿನಾಲ್ಕಕ್ಕಿಂತ ಹೆಚ್ಚಿದ್ದರೆ ಅರ್ಧ ದಿನ ಒಣಗಿಸು. ಹದಿನೆಂಟಕ್ಕಿಂತ ಹೆಚ್ಚಿದ್ದರೆ ಎರಡು ದಿನ. ಎರಡೂ ಅಲ್ಲದಿದ್ದರೆ ಚೀಲ ತುಂಬು. ಹೀಗೆ ಒಂದು ಕೆಲಸಕ್ಕೆ ಹೆಸರಿಟ್ಟು ಬರೆದದ್ದಕ್ಕೆ ಫಂಕ್ಷನ್ ಅನ್ನುತ್ತಾರಂತೆ.

"ತಪ್ಪ ಎಲ್ಲಿ ಅದ, ನೀವ ತಿದ್ದಿಕೊಡ್ರಿ ಅಕ್ಕಾ."

"ನಾ ಮುಟ್ಟಂಗಿಲ್ಲ. ತುಂಬಿ ನೋಡು. ಇಪ್ಪತ್ತು ಹಾಕು."

ಹಾಕಿದಳು. "ಅರ್ಧ ದಿನ" ಎಂದು ಬಂತು.

ಅಲ್ಲೇ ಅಕ್ಕಿ ಆರಿಸುತ್ತಿದ್ದ ನಾನು ಸುಮ್ಮನಿರಲಾರದೆ ಹೋದೆ. ಮೂವತ್ತು ವರ್ಷ ರೈಸ್ ಮಿಲ್ಲಿನ ಅಂಗಳದಲ್ಲಿ ಭತ್ತ ಒಣಗಿಸಿದವಳು. "ಇಪ್ಪತ್ತ ಅಂದ್ರ ಈಗ ಕೊಯ್ದ ಹಸಿ ಭತ್ತಲೇ. ಅರ್ಧ ದಿನಕ್ಕ ಚೀಲ ಕಟ್ಟಿದ್ರ ಒಳಗ ಬಿಸಿ ಹಿಡದು ಮುಗ್ಗ ವಾಸನಿ ಬರ್ತದ. ಯಾರ ಕಲಿಸ್ಯಾರ ನಿಮ್ಮ ಕಂಪ್ಯೂಟರಿಗೆ?"

ನಾಹಿದ್ ನಕ್ಕು ನನ್ನ ಕಡೆ ತಿರುಗಿದಳು. "ಯವ್ವಾ, ರಾಶಿ ಮುಂದ ಬಂದ್ರ ನೀವು ಮೊದಲು ಏನ್ ನೋಡ್ತಿದ್ರಿ?"

"ಭಾಳ ಹಸಿ ಅದ ಏನು ಅಂತ. ಅದನ್ನ ಮೊದಲ ಬ್ಯಾರೆ ಮಾಡೋದು. ಉಳಿದದ್ರಾಗ ಸ್ವಲ್ಪ ಹಸಿ ಇದ್ದದ್ದು. ಆಮ್ಯಾಲ ಒಣಗಿದ್ದು."

ವಿಶಾಖಾ ಪರದೆಯ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಇಳಿದಳು. "ಇಪ್ಪತ್ತು ಹದಿನಾಲ್ಕಕಿಂತ ಹೆಚ್ಚು, ಹೌದು... ಅಲ್ಲೇ ಉತ್ತರ ಸಿಕ್ತು. ಕೆಳಗ ಹದಿನೆಂಟರ ಸಾಲಿಗೆ ಇದು ಇಳಿಯೋದ ಇಲ್ಲ!" ಸಾಲುಗಳನ್ನು ಅದಲುಬದಲು ಮಾಡಿದಳು. ದೊಡ್ಡ ಅಂಕಿಯ ಪ್ರಶ್ನೆ ಮೇಲೆ ಹೋಯಿತು. ಈಗ ಇಪ್ಪತ್ತಕ್ಕೆ ಎರಡು ದಿನ ಎಂದು ಬಂತು.

ಮರುದಿನ ಇನ್ನೊಂದು ಸಿಕ್ಕು. ಆ ಉತ್ತರವನ್ನು ತೆಗೆದುಕೊಂಡು ಚೀಲಕ್ಕೆ ಕಟ್ಟುವ ಚೀಟಿ ಬರೆಯುವ ಭಾಗ ಅದು. ಚೀಟಿಯಲ್ಲಿ ಪ್ರತಿ ಸಲ "ನನ್" ಎಂದು ಬರುತ್ತಿತ್ತು. ಇಂಗ್ಲಿಷಿನಲ್ಲಿ ಏನೂ ಇಲ್ಲ ಎಂದು ಅದರ ಅರ್ಥ. ಮೇಲೆ ನೋಡಿದರೆ "ಎರಡು ದಿನ" ಎಂದು ಉತ್ತರ ಎದ್ದು ಕಾಣುತ್ತಿದೆ, ಕೆಳಗೆ ಚೀಟಿಯಲ್ಲಿ ಏನೂ ಇಲ್ಲ. ಹುಡುಗಿಗೆ ರೇಗಿತು. "ಎರಡು ನಿಮಿಷದ ಕೆಲಸ ಅಕ್ಕಾ ನಿಮಗ. ಒಂದ ಸಲ ತಿದ್ದಿದ್ರ ನಿಮ್ಮ ಕೈ ಸವೀತಾವ?"

ನಾಹಿದ್ ಬೇಸರ ಮಾಡಿಕೊಳ್ಳಲಿಲ್ಲ. "ನಾ ಕಲಿಯೋ ಮುಂದ ನಮ್ಮ ಸರ್ ಹಂಗ ಮಾಡಿದ್ರು. ಕೀಬೋರ್ಡ್ ಎಳಕೊಂಡು ಟಕಟಕ ತಿದ್ದಿ ಹೋದ್ರು. ಕೆಟ್ಟವರಲ್ಲ, ಅವರಿಗೆ ಅವಸರ ಇತ್ತು. ಪರೀಕ್ಷೆದಾಗ ಅದೇ ತಪ್ಪ ಬಂತು ನೋಡು, ಮೂರು ತಾಸು ಸುಮ್ಮನ ಕುಂತೆ. ಆ ಪೇಪರ್ ಹೋತು ನಂದು," ಎಂದಳು.

ನಾಹಿದ್ ಎದ್ದು, ಮಲ್ಲಟ ಎಂಬ ಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದ ಭತ್ತದ ಚೀಲದಿಂದ ಒಂದು ಹಿಡಿ ತಂದು ನನಗೆ ಕೊಟ್ಟಳು. "ಯವ್ವಾ, ಈಗ ನೀವ ಫಂಕ್ಷನ್. ಕಡದು ನೋಡಿ ಹೇಳ್ರಿ." ವಿಶಾಖಾಳನ್ನು ಬಾಗಿಲಲ್ಲಿ ನಿಲ್ಲಿಸಿ ಕೈಗೆ ಖಾಲಿ ಚೀಟಿ, ಪೆನ್ನು ಕೊಟ್ಟಳು. "ನಿನಗ ಕಿವಿ ಇಲ್ಲ. ಕೈಗೆ ಬಂದದ್ದು ಅಷ್ಟ ಬರಿ."

ಕಾಳು ಕಡಿದೆ. ಹಲ್ಲಿಗೆ ಮೆತ್ತಗೆ ಹತ್ತಿತು. ಮಿಲ್ಲಿನಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿದೆ: "ಅರ್ಧ ದಿನಾ!"

ಆಚೆ ಮನೆಯ ಅನ್ವರಿ ಬೇಗಂ ಗೋಡೆಯ ಮೇಲಿಂದ ಇಣುಕಿದರು. "ಏನ್ ಗೋಪಮ್ಮಕ್ಕಾ, ಅರ್ಧ ದಿನ ನೀರ್ ಬಿಡಲ್ಲಂತೇನು?"

ಓಣಿಗೆಲ್ಲ ಕೇಳಿಸಿತ್ತು, ವಿಶಾಖಾಳ ಚೀಟಿ ಮಾತ್ರ ಖಾಲಿ. ಅದನ್ನೇ ನೋಡುತ್ತಾ ನಿಂತವಳು, "ಅಯ್ಯ! ನಾನೂ ಕೂಗಸಾಕತ್ತೀನಿ. ಪ್ರಿಂಟ್ ಅಂತ ಬರದೀನಿ, ರಿಟರ್ನ್ ಅಂತ ಬರದಿಲ್ಲ. ಅದು ಉತ್ತರ ಪರದೆ ಮ್ಯಾಲ ತೋರಸ್ತದ, ಕೈಗೆ ಕೊಡವಲ್ದು!" ಎಂದು ಒಳಗೆ ಓಡಿದಳು. ಒಂದೇ ಪದ ಬದಲಾಯಿಸಿದಳು. ಚೀಟಿಯಲ್ಲಿ "ಎರಡು ದಿನ" ಎಂದು ಬಂತು. ನಾಹಿದ್ ಕೇಳಿದ್ದು ಒಂದೇ: "ಹದಿನಾರು ತುಂಬಿ ನೋಡಿದಿ? ಹತ್ತು?"

ಶನಿವಾರ ವಿಶಾಖಾ ಪರೀಕ್ಷೆಗೆ ಹೋದಳು. ಯಾರೂ ಹೋಗೆಂದು ಹೇಳಲಿಲ್ಲ. ಬೆಳಿಗ್ಗೆ ತಾನೇ ಎದ್ದು ತಲೆ ಬಾಚಿಕೊಂಡಳು.

ಮಧ್ಯಾಹ್ನ ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಯಿತು. ಅಲ್ಲಿ ಕೇಳಿದ್ದು ಬಸ್ ಟಿಕೆಟ್ ಬಗ್ಗೆ: ವಯಸ್ಸು ಕೊಟ್ಟರೆ ಪುಕ್ಕಟೆಯೋ, ಅರ್ಧವೋ, ಪೂರ್ತಿಯೋ ಹೇಳಬೇಕು. ಹನ್ನೆರಡು ವರ್ಷದವರೆಗೆ ಅರ್ಧ. "ಅಕ್ಕಾ, ಮೊದಲನೇ ಸಲ ನನ್ ಅಂತ ಬಂತು. ಹೆದರಿಕಿ ಬರಲಿಲ್ಲ, ನಗಿ ಬಂತು. ಅಜ್ಜಿ ಕೂಗಿದ್ದು ನೆನಪಾತು. ಪರೀಕ್ಷೆ ತಗೊಳ್ಳೋ ಸರ್ ನೋಡಿ, ಯಾಕವ್ವಾ ನಗ್ತಿ ಅಂದ್ರು. ತಿದ್ದಿದೆ. ಸರಿ ಅದ, ಎದ್ದೇಳು ಅಂದ್ರು. ಒಂದ ನಿಮಿಷ ಸರ್, ತುಂಬಿ ನೋಡ್ತೀನಿ ಅಂದೆ. ಬ್ಯಾರೆ ಬ್ಯಾರೆ ಮೂರು ವಯಸ್ಸು ಹಾಕಿ ತೋರಿಸಿದೆ. ಪಾಸ್ ಅಂತ ಅಲ್ಲೇ ಹೇಳಿಬಿಟ್ರು!"

ನಾನು ಅವಳ ಕೆನ್ನೆ ಸವರಿದೆ. ನಾಹಿದ್ ಖುಷಿಯಿಂದ ಕಣ್ಣರಳಿಸಿ ಕೇಳಿದಳು, "ಸರಿಯಾಗಿ ಹನ್ನೆರಡು ಹಾಕಿದ್ದಿ? ಅರ್ಧ ಟಿಕೆಟ್ ಮುಗಿಯೋದು ಅಲ್ಲೇ, ತಪ್ಪ ಆಗೋದೂ ಅಲ್ಲೇ."

ವಿಶಾಖಾ ನಾಲಿಗೆ ಕಚ್ಚಿಕೊಂಡಳು. "ಎರಡು, ಎಂಟು, ಮೂವತ್ತು ಹಾಕಿದೆ. ಹನ್ನೆರಡು ಮರತೆ."

"ನಡಿ ಮತ್ತ. ಉಂಡು ಲ್ಯಾಪ್‌ಟಾಪ್ ತೆಗಿ," ಎಂದು ನಾಹಿದ್ ತಾನೇ ಅವಳಿಗೆ ರೊಟ್ಟಿ ಬಡಿಸಿ, ಪಕ್ಕದಲ್ಲಿ ಕೂತು, ಕೈಗಳನ್ನು ದುಪಟ್ಟಾದೊಳಗೆ ಎಳೆದುಕೊಂಡಳು.